ನಗೆಯ ಪುಟ, ಸಾಬೂನಿನ ಹಣ



1885ನೇ ಇಸವಿಯ ಏಪ್ರಿಲ್ 1ರಂದು ನ್ಯೂಯಾರ್ಕಿನ ‘ಪಕ್’ ಎಂಬ ನಗೆಪತ್ರಿಕೆಯಲ್ಲಿ ಒಂದು ಬಣ್ಣದ ಚಿತ್ರ ಬಂತು. ಬರೆದವನು ಫ್ರೀಡ್ರಿಶ್ ಗ್ರೆಟ್ಸ್ ಎಂಬ ಕಲಾವಿದ. ಚಿತ್ರದಲ್ಲಿರುವುದು ಸ್ವಾತಂತ್ರ್ಯ ದೇವಿಯ ಪ್ರತಿಮೆ. ಆದರೆ ದೇವಿಗೆ ಉಡಿಸಿರುವುದು ಬಟ್ಟೆಯನ್ನಲ್ಲ, ಜಾಹೀರಾತುಗಳನ್ನು. ಕೆಳಗಿನ ಬರಹದ ಸಾರ ಇಷ್ಟು: ಈ ಪ್ರತಿಮೆಯ ಕೆಲಸವನ್ನು ಜಾಹೀರಾತು ಏಜೆಂಟರಿಗೆ ವಹಿಸಿಬಿಡಿ, ಬೇಕಾದ ಹಣ ತಡವಿಲ್ಲದೆ ಕೂಡುತ್ತದೆ.

ಈ ತಮಾಷೆಗೆ ಒಂದು ಕಾರಣವಿತ್ತು. ಪ್ರತಿಮೆಯನ್ನು ಕೊಟ್ಟವರು ಫ್ರಾನ್ಸಿನ ಜನ. ಅದು ನಿಲ್ಲಬೇಕಾದ ಪೀಠದ ಖರ್ಚು ಅಮೆರಿಕದವರದು. ಅಮೆರಿಕದ ಶ್ರೀಮಂತರು ಕೈ ಬಿಚ್ಚಲಿಲ್ಲ. ಪೀಠಕ್ಕೆ ಹಣ ಕೂಡಿಸುವ ಸಮಿತಿಯವರು ಬೇಡಿ ಬೇಡಿ ಸೋತಿದ್ದರು. ಆಗ ‘ವರ್ಲ್ಡ್’ ದಿನಪತ್ರಿಕೆಯ ಒಡೆಯ ಜೋಸೆಫ್ ಪುಲಿಟ್ಜರ್ ಬಡಬಗ್ಗರ ಮುಂದೆ ಕೈಚಾಚಿದ. ಎಷ್ಟೇ ಸಣ್ಣ ಮೊತ್ತ ಕೊಟ್ಟರೂ ಸರಿಯೆ, ಕೊಟ್ಟವರ ಹೆಸರನ್ನು ಪತ್ರಿಕೆಯಲ್ಲಿ ಅಚ್ಚು ಹಾಕುತ್ತೇನೆ ಎಂದ. ಮಾರ್ಚಿನಲ್ಲಿ ಆರಂಭವಾದ ವಸೂಲಿ ಆಗಸ್ಟಿನ ಹೊತ್ತಿಗೆ ಒಂದು ಲಕ್ಷ ಡಾಲರನ್ನು ದಾಟಿತು. ಕೊಟ್ಟವರು ಒಂದು ಲಕ್ಷಕ್ಕೂ ಮಿಕ್ಕಿ ಜನ. ಹೆಚ್ಚಿನವರು ಕೊಟ್ಟದ್ದು ಒಂದು ಡಾಲರಿಗಿಂತ ಕಡಿಮೆ. ಪೀಠ ಎದ್ದಿತು, ಮರುವರ್ಷ ದೇವಿ ನಿಂತಳು, ಜೊತೆಗೆ ‘ವರ್ಲ್ಡ್’ ಪತ್ರಿಕೆಯ ಮಾರಾಟವೂ ಏರಿತು. ಜಾಹೀರಾತು ದೇವಿಯ ಮೈಮೇಲೆ ಬರಲಿಲ್ಲ, ಸರಿ. ಆದರೆ ಆಕೆಯನ್ನು ನಿಲ್ಲಿಸಿದ ಕೈಗಳಲ್ಲಿ ಅದರ ಕೈಯೂ ಒಂದಾಗಿತ್ತು.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಜಾಹೀರಾತನ್ನು ಹೀಗೆ ಲೇವಡಿ ಮಾಡಿದ ‘ಪಕ್’ ಪತ್ರಿಕೆಯೇ ತನ್ನ ಹಿಂದಿನ ಪುಟಗಳಲ್ಲಿ ಜಾಹೀರಾತುಗಳನ್ನು ಹಾಕುತ್ತಿತ್ತು. ನಗೆ ಮುಂದಿನ ಪುಟದಲ್ಲಿ, ನಗೆಗೆ ಗುರಿಯಾದ ಸರಕು ಹಿಂದಿನ ಪುಟದಲ್ಲಿ. ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಪತ್ರಿಕೆಗಳಲ್ಲಿ ಹಾಸ್ಯ ಮತ್ತು ಜಾಹೀರಾತು ಹೇಗೆ ಜಗಳವಾಡಿದವು, ಹೇಗೆ ರಾಜಿಯಾದವು, ಆ ರಾಜಿಯಲ್ಲಿ ಗೆದ್ದವರು ಯಾರು ಎಂಬುದೇ ಇಂದಿನ ಮಾತು.

ಮೊದಲಿಗೆ ಜಾಹೀರಾತು ಎಂದರೆ ಪತ್ರಿಕೆಗಳಿಗೆ ಎಷ್ಟು ನಾಚಿಕೆಯಾಗಿತ್ತು ಎಂಬುದನ್ನು ನೋಡೋಣ. ‘ಹಾರ್ಪರ್ಸ್’ ಮಾಸಪತ್ರಿಕೆ 1850ರಲ್ಲಿ ಹುಟ್ಟಿತು, ‘ಅಟ್ಲಾಂಟಿಕ್’ 1857ರಲ್ಲಿ. ಇವು ಸಾಹಿತ್ಯವಂತರ ಮನೆಯ ಪತ್ರಿಕೆಗಳು. ಹಾರ್ಪರ್ ಸೋದರರು ಮುಖ್ಯವಾಗಿ ಪುಸ್ತಕ ಪ್ರಕಾಶಕರು. ಪತ್ರಿಕೆಯಲ್ಲಿ ಜಾಗವಿದ್ದರೆ ಅದು ತಮ್ಮ ಪುಸ್ತಕಗಳ ಪ್ರಚಾರಕ್ಕೆ ಮಾತ್ರ ಎಂಬುದು ಅವರ ನಿಲುವು. 1870ರ ದಶಕದ ಆರಂಭದಲ್ಲಿ ಒಂದು ಹೊಲಿಗೆ ಯಂತ್ರದ ಕಂಪನಿಯ ಪರವಾಗಿ ಬಂದ ಏಜೆಂಟ್, ಕೊನೆಯ ಪುಟವನ್ನು ಒಂದು ವರ್ಷಕ್ಕೆ ಕೊಟ್ಟರೆ 18,000 ಡಾಲರ್ ಕೊಡುತ್ತೇನೆಂದನಂತೆ. ಹಾರ್ಪರ್ ಮನೆಯವರು ಒಲ್ಲೆವೆಂದರಂತೆ. ಜಾಹೀರಾತು ವ್ಯಾಪಾರದ ಹಿರಿಯ ಜಾರ್ಜ್ ರೋವೆಲ್ ಈ ಕಥೆಯನ್ನು ಬರೆದಿಟ್ಟಿದ್ದಾನೆ. ಅಷ್ಟು ದೊಡ್ಡ ಮೊತ್ತವನ್ನು ಬೇಡವೆನ್ನುವ ಪತ್ರಿಕೆಯೊಂದು ಇತ್ತೆನ್ನುವುದನ್ನು ಮುಂದಿನ ತಲೆಮಾರು ನಂಬುವುದೇ ಕಷ್ಟವಾಯಿತು.

ಜಾಹೀರಾತನ್ನು ಒಪ್ಪಿಕೊಂಡ ಪತ್ರಿಕೆಗಳು ಕೂಡ ಅದನ್ನು ಹಿತ್ತಿಲಿನಲ್ಲಿ ಕೂರಿಸುತ್ತಿದ್ದವು. ಲೇಖನಗಳೆಲ್ಲ ಮುಗಿದ ಮೇಲೆ ಬೇರೆ ಹಾಳೆಗಳಲ್ಲಿ, ಬೇರೆ ಪುಟಸಂಖ್ಯೆಯೊಡನೆ ಸಾಬೂನು, ಪಿಯಾನೊ, ಒಲೆ, ಬೈಸಿಕಲ್ಲು ಬರುತ್ತಿದ್ದವು. ವರ್ಷದ ಕೊನೆಗೆ ಪತ್ರಿಕೆಗಳನ್ನು ಒಟ್ಟುಗೂಡಿಸಿ ಹೊಲಿಸುವಾಗ ಗ್ರಂಥಾಲಯದವರು ಈ ಹಾಳೆಗಳನ್ನು ಕಿತ್ತು ಎಸೆಯುತ್ತಿದ್ದರು. ಕತೆ ಕವಿತೆಗಳು ಉಳಿದವು, ಆ ಕಾಲದ ಮನೆಯೊಳಗೆ ನಿಜವಾಗಿ ಏನಿತ್ತು ಎಂಬುದನ್ನು ಹೇಳುವ ಹಾಳೆಗಳು ಕಸದ ಬುಟ್ಟಿ ಸೇರಿದವು. ಇಂದಿನ ಸಂಶೋಧಕರು ಆ ಹಾಳೆಗಳಿಗಾಗಿಯೇ ಹುಡುಕಾಡುತ್ತಾರೆ.

ದಿನಪತ್ರಿಕೆಗಳ ಸ್ಥಿತಿ ಬೇರೆ. ಅಲ್ಲಿ ಜಾಹೀರಾತು ಬೇಕು, ಆದರೆ ಅದು ಗದ್ದಲ ಮಾಡಬಾರದು. ‘ನ್ಯೂಯಾರ್ಕ್ ಹೆರಾಲ್ಡ್’ನ ಜೇಮ್ಸ್ ಗಾರ್ಡನ್ ಬೆನೆಟ್ 1840ರ ದಶಕದ ಕೊನೆಯಲ್ಲಿ ಒಂದು ಕಟ್ಟಳೆ ತಂದ: ಯಾವ ಜಾಹೀರಾತಿಗೂ ಚಿತ್ರವಿಲ್ಲ, ದಪ್ಪ ಅಕ್ಷರವಿಲ್ಲ, ಎಲ್ಲರಿಗೂ ಒಂದೇ ಸಣ್ಣ ಅಚ್ಚುಮೊಳೆ. ದೊಡ್ಡ ವ್ಯಾಪಾರಿಗೂ ಚಿಕ್ಕವನಿಗೂ ಸಮಾನ ನ್ಯಾಯ. ಈ ಕಟ್ಟಳೆಯನ್ನು ಗೆದ್ದವನು ರಾಬರ್ಟ್ ಬಾನರ್. ‘ನ್ಯೂಯಾರ್ಕ್ ಲೆಡ್ಜರ್’ ಎಂಬ ಕಥೆಗಳ ವಾರಪತ್ರಿಕೆ ಅವನದು. ದಪ್ಪ ಅಕ್ಷರ ಬೇಡವೆ? ಸರಿ. ಒಂದೇ ಸಾಲನ್ನು ಅದೇ ಸಣ್ಣ ಅಕ್ಷರದಲ್ಲಿ ನೂರಾರು ಸಲ ಅಚ್ಚು ಹಾಕಿಸಿ ಇಡೀ ಕಾಲಮನ್ನು, ಕೆಲವೊಮ್ಮೆ ಇಡೀ ಪುಟವನ್ನೇ ತುಂಬಿಸಿದ. ಇನ್ನು ಕೆಲವು ಸಲ ಒಂದು ಕಥೆಯ ಮೊದಲ ಅಧ್ಯಾಯವನ್ನು ಹೆರಾಲ್ಡಿನಲ್ಲಿ ಜಾಹೀರಾತಾಗಿ ಕೊಟ್ಟು, ಕುತೂಹಲ ತುದಿಗೆ ಬಂದಾಗ ನಿಲ್ಲಿಸಿ, ಮುಂದಿನ ಭಾಗ ಲೆಡ್ಜರಿನಲ್ಲಿದೆ ಎಂದುಬಿಟ್ಟ. ಊರೆಲ್ಲ ನಕ್ಕಿತು, ನಗುತ್ತಲೇ ಲೆಡ್ಜರ್ ಕೊಂಡಿತು. ಇದಕ್ಕಿಂತ ಸ್ವಾರಸ್ಯವಾದ ಸಂಗತಿಯೆಂದರೆ, ಜಾಹೀರಾತಿಗೆ ಹೀಗೆ ನೀರಿನಂತೆ ಹಣ ಸುರಿದ ಬಾನರ್ ತನ್ನ ಪತ್ರಿಕೆಯೊಳಗೆ ಬೇರೆಯವರ ಒಂದು ಜಾಹೀರಾತನ್ನೂ ಸೇರಿಸುತ್ತಿರಲಿಲ್ಲ!

ಪತ್ರಿಕೆಗಳು ಬಾಗಿಲು ಹಾಕಿದರೆ ಬಂಡೆಗಳಿದ್ದವಲ್ಲ. 1860ರ ದಶಕದಲ್ಲಿ ಅಮೆರಿಕದ ಬಂಡೆ, ಬೇಲಿ, ಕೊಟ್ಟಿಗೆಗಳ ಮೇಲೆ ‘ಎಸ್ ಟಿ 1860 ಎಕ್ಸ್’ ಎಂಬ ಒಗಟಿನ ಬರಹ ಕಾಣಿಸಿಕೊಂಡಿತು. ಅದು ಡ್ರೇಕ್ ಎಂಬವನ ಪ್ಲಾಂಟೇಶನ್ ಬಿಟರ್ಸ್ ಎಂಬ ‘ಔಷಧಿ’ಯ ಗುರುತು, ಔಷಧಿಯ ಸತ್ವವೆಲ್ಲ ಅದರೊಳಗಿನ ಮದ್ಯದಲ್ಲಿತ್ತು. ಒಗಟಿಗೆ ಜನ ತಮಗೆ ತೋಚಿದ ಅರ್ಥ ಹೇಳುತ್ತ ಹೋದರು. ಒಗಟು ಬಿಡಿಸುತ್ತ ಬಿಡಿಸುತ್ತ ಔಷಧಿಯ ಹೆಸರು ಬಾಯಿಪಾಠವಾಯಿತು. ವಿಲಿಯಂ ಡೀನ್ ಹೊವೆಲ್ಸ್ ತನ್ನ ‘ದಿ ರೈಸ್ ಆಫ್ ಸೈಲಸ್ ಲ್ಯಾಫಮ್’ ಕಾದಂಬರಿಯಲ್ಲಿ ಇಂಥ ಬಂಡೆ ಬಳಿಯುವ ಬಣ್ಣದ ವ್ಯಾಪಾರಿಯನ್ನೇ ನಾಯಕನನ್ನಾಗಿ ಮಾಡಿಕೊಂಡ. ನಿಸರ್ಗದ ಚೆಲುವು ಕೆಡುವುದಿಲ್ಲವೆ ಎಂದು ಯಾರಾದರೂ ಕೇಳಿದರೆ ಲ್ಯಾಫಮ್‌ಗೆ ಸಿಟ್ಟು; ನಿಸರ್ಗವಿರುವುದು ಮನುಷ್ಯನಿಗಾಗಿ ಎಂಬುದು ಅವನ ವಾದ. ಕಾದಂಬರಿ 1884ರಿಂದ 1885ರವರೆಗೆ ‘ಸೆಂಚುರಿ’ ಮಾಸಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಆಗ ಜಾಹೀರಾತುಗಳನ್ನು ಸಂಕೋಚವಿಲ್ಲದೆ ಒಪ್ಪಿಕೊಂಡಿದ್ದ ದೊಡ್ಡ ಪತ್ರಿಕೆಯೆಂದರೆ ಅದೇ ‘ಸೆಂಚುರಿ’.

ಈ ಎಲ್ಲ ಗದ್ದಲವನ್ನು ನೋಡಿ ಕೈ ಉಜ್ಜಿಕೊಂಡವನು ಮಾರ್ಕ್ ಟ್ವೈನ್. 1870ರಲ್ಲಿ ಅವನು ‘ಗ್ಯಾಲಕ್ಸಿ’ ಎಂಬ ಮಾಸಪತ್ರಿಕೆಗೆ ಅಂಕಣ ಬರೆಯುತ್ತಿದ್ದ. ಅದರಲ್ಲಿ ಬಂದ ಒಂದು ಹರಟೆಯಲ್ಲಿ ನಿರೂಪಕ ಅರ್ಥಶಾಸ್ತ್ರದ ಮೇಲೆ ಘನವಾದ ಪ್ರಬಂಧ ಬರೆಯಲು ಕೂತಿದ್ದಾನೆ. ಆಗ ಬಾಗಿಲಿಗೆ ಸಿಡಿಲು ತಡೆಯುವ ಕಂಬಿ ಮಾರುವವನು ಬರುತ್ತಾನೆ. ಪ್ರಬಂಧದ ಯೋಚನೆಯಲ್ಲಿ ಮುಳುಗಿರುವ ಇವನು ಎಲ್ಲದಕ್ಕೂ ಆಗಲಿ ಆಗಲಿ ಎನ್ನುತ್ತಾನೆ. ಕೊನೆಗೆ ಮನೆಯ ಮೇಲೆ 1,600ಕ್ಕೂ ಹೆಚ್ಚು ಕಂಬಿಯ ಮೊನೆಗಳು ಏಳುತ್ತವೆ. ಗುಡುಗುಮಳೆ ಬಂದಾಗ ಊರಿನ ಸಿಡಿಲೆಲ್ಲ ಇವನ ಮನೆಗೇ ಬರುತ್ತದೆ, 764 ಸಲ. ಕಥೆ ಮುಗಿಯುವುದು ಹೇಗೆ? ಒಂದು ಜಾಹೀರಾತಿನಿಂದ! ಬೇಕಾದವರು ಈ ಕಂಬಿಗಳನ್ನೆಲ್ಲ ಕೊಂಡುಕೊಳ್ಳಬಹುದು ಎಂದು ನಿರೂಪಕನೇ ಪ್ರಕಟಣೆ ಕೊಡುತ್ತಾನೆ. ಮಾರುವವನ ಮಾತಿಗೆ ಮೋಸಹೋದವನು ತಾನೇ ಮಾರುವವನಾಗುತ್ತಾನೆ. ಆ ಕಾಲದ ಅಮೆರಿಕವನ್ನು ಇದಕ್ಕಿಂತ ಚಿಕ್ಕದಾಗಿ ಹೇಳುವುದು ಕಷ್ಟ.

1889ರಲ್ಲಿ ಬಂದ ‘ಎ ಕನೆಕ್ಟಿಕಟ್ ಯಾಂಕೀ ಇನ್ ಕಿಂಗ್ ಆರ್ಥರ್ಸ್ ಕೋರ್ಟ್’ ಕಾದಂಬರಿಯಲ್ಲಿ ಟ್ವೈನ್ ಇನ್ನೂ ಮುಂದೆ ಹೋದ. ಹತ್ತೊಂಬತ್ತನೆಯ ಶತಮಾನದ ಒಬ್ಬ ಕಾರ್ಖಾನೆಯ ಮೇಸ್ತ್ರಿ ಆರನೆಯ ಶತಮಾನದ ಇಂಗ್ಲೆಂಡಿಗೆ ಹೋಗಿಬಿಡುತ್ತಾನೆ. ಅಲ್ಲಿನ ವೀರಯೋಧರಿಗೆ ಎದೆಗೂ ಬೆನ್ನಿಗೂ ಹಲಗೆ ಕಟ್ಟಿ ಸಾಬೂನಿನ ಪ್ರಚಾರಕ್ಕೆ ಕಳಿಸುತ್ತಾನೆ. ಒಬ್ಬ ಯೋಧ ಒಲೆಗೆ ಹಚ್ಚುವ ಪಾಲಿಶ್ ಮಾರುತ್ತ ಊರೂರು ಅಲೆಯುತ್ತಾನೆ. ಆ ನಾಡಿನಲ್ಲಿ ಅಂಥ ಒಲೆಯೇ ಇನ್ನೂ ಇಲ್ಲ. ಕಂಬದ ಮೇಲೆ ನಿಂತು ಹಗಲಿರುಳು ಬಾಗಿ ಬಾಗಿ ಪ್ರಾರ್ಥಿಸುವ ಒಬ್ಬ ತಪಸ್ವಿಯಿದ್ದಾನೆ. ಅಷ್ಟು ಶಕ್ತಿ ವ್ಯರ್ಥವಾಗುತ್ತಿದೆಯಲ್ಲ ಎಂದು ಮೇಸ್ತ್ರಿ ಅವನ ಮೈಗೆ ಪಟ್ಟಿ ಜೋಡಿಸಿ ಹೊಲಿಗೆ ಯಂತ್ರ ನಡೆಸುತ್ತಾನೆ. ಅಂಗಿಗಳು ತಯಾರಾಗುತ್ತವೆ, ತಪಸ್ವಿಯ ಹೆಸರಿನಲ್ಲಿ ಭಕ್ತರಿಗೆ ಮಾರಾಟವಾಗುತ್ತವೆ. ಧರ್ಮ, ಶೌರ್ಯ, ತಪಸ್ಸು, ಯಾವುದೂ ಜಾಹೀರಾತಿಗೆ ಹೊರತಲ್ಲ ಎಂಬುದು ಇದರ ಕುಟುಕು. ಇದು ಬರಿಯ ಕಲ್ಪನೆಯಾಗಿರಲಿಲ್ಲ. ಆ ದಶಕದಲ್ಲೇ ಅಮೆರಿಕದ ಹೆಸರಾಂತ ಪಾದ್ರಿ ಹೆನ್ರಿ ವಾರ್ಡ್ ಬೀಚರ್, ಶುಚಿತ್ವಕ್ಕೂ ದೈವಭಕ್ತಿಗೂ ಇರುವ ನಂಟನ್ನು ಎತ್ತಿ ಹಿಡಿದು, ಪಿಯರ್ಸ್ ಸಾಬೂನಿಗೆ ಪ್ರಶಂಸೆ ಬರೆದುಕೊಟ್ಟಿದ್ದ.

ಪಿಯರ್ಸ್ ಎಂದರೆ ನಮ್ಮ ಬಚ್ಚಲುಮನೆಗಳಿಗೂ ಪರಿಚಯವಿರುವ ಹೆಸರು. ಇಂಗ್ಲೆಂಡಿನ ಈ ಕಂಪನಿ ಅಮೆರಿಕದ ಮಾಸಪತ್ರಿಕೆಗಳ ದೊಡ್ಡ ಗಿರಾಕಿಯಾಗಿತ್ತು. ಅದನ್ನು ನಡೆಸುತ್ತಿದ್ದವನು ಥಾಮಸ್ ಬ್ಯಾರಟ್. ಹಾಸ್ಯ ಮತ್ತು ಜಾಹೀರಾತಿನ ಜಗಳದಲ್ಲಿ ಒಂದು ನಿರ್ಣಾಯಕ ಏಟು ಬಿದ್ದದ್ದು ಅವನ ಕೈಯಿಂದ. ಲಿಲಿ ಲ್ಯಾಂಗ್‌ಟ್ರಿ ಎಂಬ ಸುಂದರಿ ನಟಿ, ಪಿಯರ್ಸ್ ಬಳಸಲು ಶುರುಮಾಡಿದ ಮೇಲೆ ಬೇರೆ ಎಲ್ಲ ಸಾಬೂನನ್ನೂ ಬಿಟ್ಟೆ ಎಂದು ಪ್ರಶಂಸಾಪತ್ರ ಕೊಟ್ಟಿದ್ದಳು. 1884ರಲ್ಲಿ ಲಂಡನ್ನಿನ ‘ಪಂಚ್’ ನಗೆಪತ್ರಿಕೆಯಲ್ಲಿ ಹ್ಯಾರಿ ಫರ್ನಿಸ್ ಇದನ್ನು ಅಣಕಿಸಿದ. ಚಿತ್ರದಲ್ಲಿ ಕೊಳಕು ತುಂಬಿದ, ಚಿಂದಿ ಬಟ್ಟೆಯ ಒಬ್ಬ ತಿರುಕ ಮೇಜಿನ ಮುಂದೆ ಕೂತು ಪತ್ರ ಬರೆಯುತ್ತಿದ್ದಾನೆ: ಎರಡು ವರ್ಷದ ಹಿಂದೆ ನಿಮ್ಮ ಸಾಬೂನು ಹಚ್ಚಿಕೊಂಡಿದ್ದೆ, ಅಂದಿನಿಂದ ಬೇರೆ ಯಾವ ಸಾಬೂನನ್ನೂ ಮುಟ್ಟಿಲ್ಲ!

ಬೇರೆ ವ್ಯಾಪಾರಿಯಾಗಿದ್ದರೆ ಮಾನಹಾನಿಯ ದಾವೆ ಹೂಡುತ್ತಿದ್ದ. ಬ್ಯಾರಟ್ ಹಾಗೆ ಮಾಡಲಿಲ್ಲ. ಆ ಚಿತ್ರದ ಹಕ್ಕನ್ನೇ ಹಣಕೊಟ್ಟು ಕೊಂಡು, ಅದನ್ನೇ ಪಿಯರ್ಸ್ ಜಾಹೀರಾತಾಗಿ ಹೊರಡಿಸಿದ. ನಗೆ ತನ್ನ ಕಡೆಗೆ ಹಾರಿಸಿದ ಬಾಣವನ್ನು ಅವನು ಅಂಗಡಿಯ ಫಲಕಕ್ಕೆ ಮೊಳೆಯಾಗಿ ಹೊಡೆದುಕೊಂಡ. ಜನ ತನ್ನನ್ನು ನೋಡಿ ನಗುವುದರಿಂದ ನಷ್ಟವಿಲ್ಲ, ಹೆಸರು ಮರೆಯುವುದರಿಂದ ಮಾತ್ರ ನಷ್ಟ ಎಂಬ ಪಾಠ ಅಲ್ಲಿಗೆ ಎಲ್ಲರಿಗೂ ಗೊತ್ತಾಯಿತು. ಪಿಯರ್ಸಿನ ಇನ್ನೊಂದು ಪ್ರಚಾರದಲ್ಲಿ ಓದುಗನಿಗೆ ಬೆಳಗಿನ ನಮಸ್ಕಾರ ಹೇಳಿ, ಒಡನೆಯೇ ಪಿಯರ್ಸ್ ಬಳಸಿದಿರಾ ಎಂದು ಕೇಳಲಾಗುತ್ತಿತ್ತು. ಇದು ಎಷ್ಟು ಹಬ್ಬಿತೆಂದರೆ ಸಭ್ಯರು ಒಬ್ಬರಿಗೊಬ್ಬರು ಬೆಳಗಿನ ನಮಸ್ಕಾರ ಹೇಳಲು ಹಿಂಜರಿದರಂತೆ, ಎದುರಿನವನು ಉಳಿದರ್ಧವನ್ನು ಸೇರಿಸಿಬಿಟ್ಟಾನು ಎಂಬ ಭಯದಿಂದ.

ಅಮೆರಿಕದಲ್ಲಿ ಈ ಪಾಠವನ್ನು ಚೆನ್ನಾಗಿ ಕಲಿತದ್ದು ಪಾತ್ರೆ ಉಜ್ಜುವ ಒಂದು ಸಾಬೂನು, ಹೆಸರು ಸಪೋಲಿಯೊ. 1870ರ ದಶಕದಲ್ಲೇ ಆ ಕಂಪನಿಗೆ ಬ್ರೆಟ್ ಹಾರ್ಟ್ ಪದ್ಯ ಬರೆದುಕೊಟ್ಟಿದ್ದ. ಹಾರ್ಟ್ ಕ್ಯಾಲಿಫೋರ್ನಿಯದ ಚಿನ್ನದ ಗಣಿಗಳ ಕಥೆಗಳಿಂದ ಪ್ರಸಿದ್ಧನಾದವನು; ಆಗ ಸಾಲದಲ್ಲಿ ಸಿಕ್ಕಿದ್ದ. ಲಾಂಗ್‌ಫೆಲೋ ಕವಿಯ ‘ಎಕ್ಸೆಲ್ಸಿಯರ್’ ಕವಿತೆಯಲ್ಲಿ ಒಬ್ಬ ಯುವಕ ಧ್ಯೇಯವಾಕ್ಯದ ಧ್ವಜ ಹಿಡಿದು ಹಿಮದ ಬೆಟ್ಟ ಹತ್ತುತ್ತಾನೆ. ಹಾರ್ಟನ ಅಣಕದಲ್ಲಿ ಯುವಕ ದಾರಿಯುದ್ದಕ್ಕೂ ಸಪೋಲಿಯೊ ಎಂದು ಬರೆಯುತ್ತ ಹೋಗುತ್ತಾನೆ. ಕವಿತೆಗೆ ಅಣಕ, ಬಂಡೆ ಬಳಿಯುವ ಜಾಹೀರಾತುಗಾರನಿಗೂ ಅಣಕ, ಎರಡೂ ಸೇರಿ ಸಾಬೂನಿಗೆ ಜಾಹೀರಾತು. 1885ರ ಹೊತ್ತಿಗೆ ಸಪೋಲಿಯೊ ಪ್ರಚಾರದ ಹೊಣೆ ಹೊತ್ತವನು ಆರ್ಟಿಮಸ್ ವಾರ್ಡ್. ಇಲ್ಲೊಂದು ತಮಾಷೆಯಿದೆ. ಅಂತರ್ಯುದ್ಧದ ಕಾಲದಲ್ಲಿ ಅಮೆರಿಕವನ್ನೆಲ್ಲ ನಗಿಸಿದ ಹಾಸ್ಯಗಾರನ ಹೆಸರೂ ಆರ್ಟಿಮಸ್ ವಾರ್ಡ್. ಅದು ಚಾರ್ಲ್ಸ್ ಫಾರರ್ ಬ್ರೌನ್ ಎಂಬವನ ಕಾವ್ಯನಾಮ; ‘ವ್ಯಾನಿಟಿ ಫೇರ್’ ಎಂಬ ನ್ಯೂಯಾರ್ಕಿನ ನಗೆಪತ್ರಿಕೆಗೆ ಅವನು ಸಂಪಾದಕನೂ ಆಗಿದ್ದ. ಆ ಪತ್ರಿಕೆ ನಾಲ್ಕು ವರ್ಷವೂ ತುಂಬದೆ 1863ರಲ್ಲಿ ಮುಚ್ಚಿತು. ಹಾಸ್ಯಗಾರ ವಾರ್ಡನ ಹೆಸರು ಹುಸಿ, ಸಾಬೂನಿನ ವಾರ್ಡನ ಹೆಸರು ನಿಜ. ಹಾಸ್ಯಗಾರ 1867ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ. ಸಾಬೂನಿನವನು ಶ್ರೀಮಂತನಾಗಿ ದೀರ್ಘಕಾಲ ಬಾಳಿದ.

ಸಾಬೂನುಗಳ ಪೈಕಿ ನಗದೆಯೂ ಗೆದ್ದದ್ದು ಐವರಿ. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯ ಹಾರ್ಲಿ ಪ್ರಾಕ್ಟರ್ 1882ರಲ್ಲಿ ಅದರ ಪ್ರಚಾರ ಆರಂಭಿಸಿದ. ರಸಾಯನಶಾಸ್ತ್ರಜ್ಞರಿಂದ ಸಾಬೂನಿನ ಕಲ್ಮಶವನ್ನು ಅಳೆಸಿದ್ದ, ನೂರಕ್ಕೆ 0.56 ಭಾಗ ಬಂದಿತ್ತು. ಅದನ್ನು ನೂರರಿಂದ ಕಳೆದು, ಉಳಿದದ್ದು 99.44 ಭಾಗ ಶುದ್ಧ ಎಂದು ಸಾರಿದ. ನೂರಕ್ಕೆ ನೂರು ಎಂದಿದ್ದರೆ ಯಾರೂ ನಂಬುತ್ತಿರಲಿಲ್ಲ. ಚೂರು ಕೊರತೆಯನ್ನು ಒಪ್ಪಿಕೊಂಡದ್ದರಿಂದ ಉಳಿದದ್ದನ್ನೆಲ್ಲ ನಂಬಿದರು. 1888ರಲ್ಲಿ ಜಾರ್ಜ್ ಈಸ್ಟ್‌ಮನ್ ತನ್ನ ಕೊಡಕ್ ಕ್ಯಾಮೆರಾ ತಂದಾಗ ಗುಂಡಿ ಒತ್ತುವುದು ನಿಮ್ಮ ಕೆಲಸ, ಉಳಿದದ್ದೆಲ್ಲ ನಮ್ಮದು ಎಂಬ ಅರ್ಥದ ಮಾತನ್ನು ಪತ್ರಿಕೆಗಳಲ್ಲಿ ಹಾಕಿಸಿದ. 25 ಡಾಲರಿನ ಕ್ಯಾಮೆರಾ. ನೂರು ಚಿತ್ರ ತೆಗೆದ ಮೇಲೆ ಪೆಟ್ಟಿಗೆಯನ್ನೇ ರಾಚೆಸ್ಟರಿಗೆ ಕಳಿಸಬೇಕು. ಆ ಮಾತನ್ನು ನಗೆಗಾರರು ಎತ್ತಿಕೊಂಡು ರಾಜಕೀಯಕ್ಕೂ ಸಂಸಾರಕ್ಕೂ ಹೊಂದಿಸಿದರು. ಕೊಡಕ್ಕಿಗೆ ಬಿಟ್ಟಿ ಪ್ರಚಾರ ಸಿಕ್ಕಿತು.

ಇನ್ನು ನಗೆಪತ್ರಿಕೆಗಳ ಕಡೆ ತಿರುಗೋಣ. ‘ಪಕ್’ ಸ್ಥಾಪಿಸಿದವನು ವಿಯೆನ್ನಾದಲ್ಲಿ ಹುಟ್ಟಿ, ನಟನಾಗಿ ದುಡಿದು, ಅಮೆರಿಕಕ್ಕೆ ವಲಸೆ ಬಂದ ಜೋಸೆಫ್ ಕೆಪ್ಲರ್. ಮೊದಲು ಜರ್ಮನ್ ಭಾಷೆಯಲ್ಲಿ ನಡೆಸಿ 1877ರಲ್ಲಿ ಇಂಗ್ಲಿಷ್ ಆವೃತ್ತಿ ತಂದ. ಬೆಲೆ 10 ಸೆಂಟ್. ಕಲ್ಲಚ್ಚಿನಲ್ಲಿ ಅಚ್ಚಾದ ದೊಡ್ಡ ಬಣ್ಣದ ವ್ಯಂಗ್ಯಚಿತ್ರಗಳು ಅದರ ಜೀವ. 1881ರಲ್ಲಿ ಪಕ್ ಬಿಟ್ಟು ಹೋದ ಕಲಾವಿದರು ‘ಜಡ್ಜ್’ ಶುರುಮಾಡಿದರು. 1883ರ ಜನವರಿಯಲ್ಲಿ ಜಾನ್ ಏಮ್ಸ್ ಮಿಚೆಲ್ ‘ಲೈಫ್’ ತಂದ. ಇದು ಮುಂದೆ ಛಾಯಾಚಿತ್ರಗಳಿಗೆ ಹೆಸರಾದ ‘ಲೈಫ್’ ಅಲ್ಲ. ಆ ಹೆಸರನ್ನು ಟೈಮ್ ಕಂಪನಿ ಕೊಂಡದ್ದು 1936ರಲ್ಲಿ. ಈ ಹಳೆಯ ‘ಲೈಫ್’ಗೆ 1886ರಲ್ಲಿ ಚಾರ್ಲ್ಸ್ ಡಾನಾ ಗಿಬ್ಸನ್ ಎಂಬ ಹುಡುಗ 4 ಡಾಲರಿಗೆ ಒಂದು ಚಿತ್ರ ಮಾರಿದ. ಮುಂದಿನ ದಶಕದಲ್ಲಿ ಅವನು ಬರೆದ ಎತ್ತರದ, ಬಿಗುಮಾನದ ತರುಣಿ ‘ಗಿಬ್ಸನ್ ಗರ್ಲ್’ ಎಂದು ಹೆಸರಾದಳು. ನಗೆಯ ಪುಟದಲ್ಲಿ ಹುಟ್ಟಿದ ಆಕೆ ಗೋಡೆಕಾಗದ, ಚಮಚ, ದಿಂಬಿನ ಚೀಲಗಳ ಮೇಲೆಲ್ಲ ಬಂದಳು. ಚಿತ್ರ ತಾನೇ ಸರಕಾಯಿತು.

ಇದಕ್ಕೆಲ್ಲ ತಳದಲ್ಲಿದ್ದದ್ದು ಹಣದ ಲೆಕ್ಕ. 1879ರಲ್ಲಿ ಅಮೆರಿಕದ ಸಂಸತ್ತು ಹೊಸ ಅಂಚೆ ಕಾಯಿದೆ ಮಾಡಿ, ನಿಯತಕಾಲಿಕಗಳನ್ನು ಅಗ್ಗದ ದರದಲ್ಲಿ ಸಾಗಿಸಲು ಒಪ್ಪಿತು. 1885ರಲ್ಲಿ ದರ ಒಂದು ಪೌಂಡಿಗೆ ಒಂದು ಸೆಂಟಿಗೆ ಇಳಿಯಿತು. ಆದರೆ ಒಂದು ಷರತ್ತು: ಮುಖ್ಯವಾಗಿ ಜಾಹೀರಾತಿಗಾಗಿಯೇ ಹೊರಡುವ ಪತ್ರಿಕೆಗೆ ಈ ರಿಯಾಯಿತಿ ಇಲ್ಲ. ಆದ್ದರಿಂದ ಸಾಬೂನು ಅಗ್ಗವಾಗಿ ಊರೂರು ತಲುಪಬೇಕಾದರೆ ಅದರ ಜೊತೆಗೆ ಕಥೆ, ಕವಿತೆ, ನಗೆಹನಿ ಇರಲೇಬೇಕಾಯಿತು. ಇದನ್ನು ಎಲ್ಲರಿಗಿಂತ ಮೊದಲು ಅರಿತ ಏಜೆಂಟ್ ಜೆ. ವಾಲ್ಟರ್ ಥಾಂಪ್ಸನ್. 1878ರಲ್ಲಿ ತಾನು ಗುಮಾಸ್ತನಾಗಿದ್ದ ಏಜೆನ್ಸಿಯನ್ನೇ ಕೊಂಡ; ವ್ಯವಹಾರಕ್ಕೆ ಕೊಟ್ಟದ್ದು 500 ಡಾಲರ್, ಅಲ್ಲಿನ ಮೇಜು ಕುರ್ಚಿಗಳಿಗೆ 800 ಡಾಲರ್! ನಿಷ್ಠುರ ಮುಖದ ಮಾಸಪತ್ರಿಕೆಗಳನ್ನು ಒಂದೊಂದಾಗಿ ಒಲಿಸಿ ಅವುಗಳ ಜಾಹೀರಾತು ಪುಟಗಳನ್ನು ತನ್ನ ಕೈಗೆ ತೆಗೆದುಕೊಂಡ.

1893ರಲ್ಲಿ ದೇಶಕ್ಕೆ ಆರ್ಥಿಕ ಕುಸಿತ ಬಂತು. ಆಗಿನ ದೊಡ್ಡ ಮಾಸಪತ್ರಿಕೆಗಳ ಬೆಲೆ 25ರಿಂದ 35 ಸೆಂಟ್. ಆ ವರ್ಷ ಮೆಕ್ಲೂರ್ ಎಂಬವನು 15 ಸೆಂಟಿಗೆ ತನ್ನ ಪತ್ರಿಕೆ ತಂದ. ‘ಕಾಸ್ಮೊಪಾಲಿಟನ್’ ಹನ್ನೆರಡೂವರೆ ಸೆಂಟಿಗೆ ಇಳಿಯಿತು. ಅಕ್ಟೋಬರಿನಲ್ಲಿ ಫ್ರಾಂಕ್ ಮನ್ಸಿ ತನ್ನ ಪತ್ರಿಕೆಯನ್ನು ಒಂದೇ ಏಟಿಗೆ 25ರಿಂದ 10 ಸೆಂಟಿಗೆ ತಂದ. ಒಂದು ಪ್ರತಿಯ ಖರ್ಚೂ ಹುಟ್ಟದ ಬೆಲೆ ಅದು. ನಷ್ಟಕ್ಕೆ ಮಾರಿ ಲಾಭ ಮಾಡುವುದು ಹೇಗೆ? ಓದುಗನಿಗೆ ಪತ್ರಿಕೆಯನ್ನು ಮಾರುವುದಲ್ಲ, ವ್ಯಾಪಾರಿಗೆ ಓದುಗನನ್ನೇ ಮಾರುವುದು! ಎರಡು ವರ್ಷದೊಳಗೆ ತನ್ನ ಪ್ರಸಾರ ಐದು ಲಕ್ಷ ಮುಟ್ಟಿತೆಂದು ಮನ್ಸಿ ಹೇಳಿಕೊಂಡ. ಹಿತ್ತಿಲಿನಲ್ಲಿ ಕೂತಿದ್ದ ಜಾಹೀರಾತು ಈಗ ಮನೆಯ ಯಜಮಾನನಾಯಿತು. ಕೆಲವು ಸಂಪಾದಕರು ಕಥೆಯ ಕೊನೆಯ ಭಾಗವನ್ನು ಹಿಂದಿನ ಪುಟಗಳಿಗೆ ಸಾಗಿಸಿ, ಓದುಗ ಸಾಬೂನು ಓಟ್ಸುಗಳ ನಡುವೆ ಹಾದು ಹೋಗಿಯೇ ನಾಯಕ ನಾಯಕಿಯರ ಮದುವೆ ನೋಡುವಂತೆ ಮಾಡಿದರು. 1896ರಲ್ಲಿ ಹೊವೆಲ್ಸ್, ಜಾಹೀರಾತು ಬರೆಯುವ ಹೊಸ ಕಸಬುದಾರರ ಬಗ್ಗೆ, ಗೆಳೆಯನೊಡನೆ ಆಡುವ ಮಾತುಕತೆಯ ರೂಪದಲ್ಲಿ ಒಂದು ಪ್ರಬಂಧ ಬರೆದ. ಬಂಡೆ ಬಳಿಯುವವನನ್ನು ಹತ್ತು ವರ್ಷದ ಹಿಂದೆ ಕಾದಂಬರಿಗೆ ತಂದಿದ್ದ ಲೇಖಕನಿಗೆ ಆ ಕಸುಬು ಈಗ ತನ್ನ ಪಕ್ಕದ ಕುರ್ಚಿಗೇ ಬಂದಿರುವುದು ಕಂಡಿತ್ತು.

ಇಲ್ಲಿಯವರೆಗಿನ ಮಾತು ನಗುವಂಥದು. ಆದರೆ ಈ ನಗೆಗೆ ಒಂದು ಕ್ರೂರ ಮುಖವೂ ಇತ್ತು. ಅದನ್ನು ಮುಚ್ಚಿಟ್ಟು ಮುಂದೆ ಹೋಗುವಂತಿಲ್ಲ. ‘ಪಕ್’, ‘ಜಡ್ಜ್’ ಪತ್ರಿಕೆಗಳ ಚಿತ್ರಗಳಲ್ಲಿ ಐರಿಷರೆಂದರೆ ಕೋತಿಮೂತಿಯ ಕುಡುಕರು, ಚೀನೀಯರೆಂದರೆ ಕಪಟಿಗಳು, ಕಪ್ಪು ಜನರೆಂದರೆ ಹಲ್ಲು ಕಿರಿಯುವ ದಡ್ಡರು. ಜಾಹೀರಾತು ಈ ಸಿದ್ಧ ನಗೆಯನ್ನು ಹಾಗೆಯೇ ಎತ್ತಿಕೊಂಡಿತು. 1886ರ ಒಂದು ಬಟ್ಟೆ ಒಗೆಯುವ ಸಾಮಗ್ರಿಯ ಜಾಹೀರಾತಿನಲ್ಲಿ ಅಂಕಲ್ ಸ್ಯಾಮ್ ಚೀನೀಯರನ್ನು ದೇಶದಿಂದ ಒದ್ದು ಓಡಿಸುತ್ತಿದ್ದಾನೆ. ಚೀನೀ ಕೂಲಿಗಳ ವಲಸೆ ತಡೆಯುವ ಕಾಯಿದೆ ಬಂದು ಆಗ ನಾಲ್ಕು ವರ್ಷವಾಗಿತ್ತು. 1889ರಲ್ಲಿ ಒಂದು ದೋಸೆಹಿಟ್ಟಿನಂಥ ಪ್ಯಾನ್‌ಕೇಕ್ ಹಿಟ್ಟಿಗೆ ‘ಆಂಟ್ ಜೆಮೈಮಾ’ ಎಂಬ ಹೆಸರು ಬಂತು. ಅದು ಮುಖಕ್ಕೆ ಮಸಿ ಬಳಿದುಕೊಂಡು ಆಡುವ ತಮಾಷೆ ನಾಟಕದಿಂದ ಎತ್ತಿದ ಹೆಸರು. 1893ರ ಶಿಕಾಗೊ ಪ್ರದರ್ಶನದಲ್ಲಿ ಆ ಪಾತ್ರ ವಹಿಸಿ ಹಿಟ್ಟು ಮಾರಿದ ನ್ಯಾನ್ಸಿ ಗ್ರೀನ್ ಗುಲಾಮಳಾಗಿ ಹುಟ್ಟಿದ ಹೆಂಗಸು. ಆ ಹೆಸರು ಅಂಗಡಿಗಳಿಂದ ಮರೆಯಾದದ್ದು 2021ರಲ್ಲಿ. ಪತ್ರಿಕೆಯ ನಗೆಹನಿ ಒಂದು ವಾರಕ್ಕೆ ಹಳಸುತ್ತದೆ. ಜಾಹೀರಾತಿನೊಳಗೆ ಹೊಕ್ಕ ನಗೆ ನೂರು ವರ್ಷ ಬಾಳುತ್ತದೆ.

ಇನ್ನೊಂದು ಅಪಾಯ ವೈದ್ಯರ ಚೀಟಿಯಿಲ್ಲದೆ ಮಾರುತ್ತಿದ್ದ ಪೇಟೆಂಟ್ ಔಷಧಿಗಳದು. ಮ್ಯಾಸಚೂಸೆಟ್ಸಿನ ಲಿನ್ ಊರಿನ ಲಿಡಿಯಾ ಪಿಂಕಮ್ 1875ರಿಂದ ಹೆಂಗಸರ ಕಾಯಿಲೆಗಳಿಗೆ ಗಿಡಮೂಲಿಕೆಯ ಮದ್ದು ಮಾರುತ್ತಿದ್ದಳು. 1879ರಿಂದ ಆಕೆಯ ಸೌಮ್ಯ ಅಜ್ಜಿಯ ಮುಖ ಜಾಹೀರಾತುಗಳಲ್ಲಿ ಬಂತು. ಆ ಮುಖ ಎಷ್ಟು ಪರಿಚಿತವಾಯಿತೆಂದರೆ ಕಾಲೇಜು ಹುಡುಗರು ಆಕೆಯ ಮೇಲೆ ಹಾಡು ಕಟ್ಟಿ ಹಾಡಿದರು. ಸಣ್ಣ ಊರಿನ ಪತ್ರಿಕೆಗಳಲ್ಲಿ ಹೆಂಗಸಿನ ಚಿತ್ರದ ಅಚ್ಚು ಬೇರೆ ಇಲ್ಲದಾಗ ವಿಕ್ಟೋರಿಯಾ ರಾಣಿಯ ಸುದ್ದಿಗೂ ಪಿಂಕಮ್ ಮುಖವನ್ನೇ ಹಾಕುತ್ತಿದ್ದರು ಎಂಬ ಕಥೆಯಿದೆ. ಮದ್ದಿನಲ್ಲಿ ನೂರಕ್ಕೆ 18ರಷ್ಟು ಮದ್ಯಸಾರವಿತ್ತು. ಮದ್ಯಪಾನ ವಿರೋಧಿ ಸಂಘದ ಸಾಧ್ವಿಯರೂ ಅದನ್ನು ಚಮಚದ ಲೆಕ್ಕದಲ್ಲಿ ನಿಶ್ಚಿಂತೆಯಾಗಿ ಕುಡಿದರು. ನಿಮ್ಮ ಕಷ್ಟವನ್ನು ಶ್ರೀಮತಿ ಪಿಂಕಮ್‌ಗೆ ಬರೆಯಿರಿ ಎಂದು ಜಾಹೀರಾತು ಕರೆಯುತ್ತಿತ್ತು, ಹೆಂಗಸರು ಬರೆಯುತ್ತಿದ್ದರು, ಉತ್ತರವೂ ಬರುತ್ತಿತ್ತು. ಲಿಡಿಯಾ ಪಿಂಕಮ್ 1883ರಲ್ಲೇ ತೀರಿಕೊಂಡಿದ್ದಳು ಎಂಬುದೊಂದೇ ತೊಡಕು.

ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ದೇಶ ಆಕೆಯ ಮೇಲೆ ಹಾಡು ಕಟ್ಟಿ ನಕ್ಕಿತು. ನಕ್ಕದ್ದರಿಂದ ಒಂದು ಸೀಸೆಯ ಮಾರಾಟವೂ ನಿಲ್ಲಲಿಲ್ಲ. ಪೆಟ್ಟು ಬಿದ್ದದ್ದು 1905ರಲ್ಲಿ, ‘ಲೇಡೀಸ್ ಹೋಮ್ ಜರ್ನಲ್’ ಸಂಪಾದಕ ಎಡ್ವರ್ಡ್ ಬಾಕ್ ಒಂದು ಫೋಟೊ ಅಚ್ಚು ಹಾಕಿದಾಗ. ಅದು ಲಿಡಿಯಾ ಪಿಂಕಮ್ ಸಮಾಧಿಯ ಕಲ್ಲಿನ ಫೋಟೊ. ಕಲ್ಲಿನ ಮೇಲೆ ಸತ್ತ ದಿನಾಂಕ. ಬಾಕನ ಪತ್ರಿಕೆ 1892ರಿಂದಲೇ ಪೇಟೆಂಟ್ ಔಷಧಿಗಳ ಜಾಹೀರಾತನ್ನು ನಿಲ್ಲಿಸಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ಬೇರೆಯವರನ್ನು ಟೀಕಿಸುವ ಮೊದಲು ಆ ಪತ್ರಿಕೆ ತನ್ನ ಗಲ್ಲಾಪೆಟ್ಟಿಗೆಗೆ ಬರುವ ಹಣವನ್ನು ಬಿಟ್ಟುಕೊಟ್ಟಿತ್ತು.

ಅದೇ 1905ರ ಜೂನ್ 3ರಂದು ‘ಕಾಲಿಯರ್ಸ್’ ವಾರಪತ್ರಿಕೆಯಲ್ಲಿ ‘ಸಾವಿನ ಪ್ರಯೋಗಶಾಲೆ’ ಎಂಬ ಅರ್ಥದ ಹೆಸರಿನ ಚಿತ್ರ ಬಂತು: ಔಷಧಿ ಸೀಸೆಗಳ ನಡುವೆ ಒಂದು ತಲೆಬುರುಡೆ. ಬರೆದವನು ಇ. ಡಬ್ಲ್ಯು. ಕೆಂಬಲ್. ಈ ಕೆಂಬಲ್ ಯಾರು? ‘ಲೈಫ್’ ನಗೆಪತ್ರಿಕೆಗೆ ಚಿತ್ರ ಬರೆಯುತ್ತಿದ್ದವನು. ಅಲ್ಲಿ ಅವನ ಚಿತ್ರ ನೋಡಿಯೇ ಮಾರ್ಕ್ ಟ್ವೈನ್ ‘ಹಕಲ್‌ಬರಿ ಫಿನ್’ಗೆ ಚಿತ್ರ ಬರೆಯಲು ಅವನನ್ನು ಆರಿಸಿದ್ದ. ಒಂದು ಒಗೆಯುವ ಪುಡಿಗಾಗಿ ಕಪ್ಪು ಅವಳಿ ಮಕ್ಕಳ ಅಣಕ ಚಿತ್ರ ಬರೆದುಕೊಟ್ಟವನೂ ಅವನೇ. ಹಾಸ್ಯ, ಜಾಹೀರಾತು, ಜನಾಂಗದ ಅವಹೇಳನ, ಜಾಹೀರಾತಿನ ವಿರುದ್ಧ ಹೋರಾಟ, ನಾಲ್ಕೂ ಒಂದೇ ಕುಂಚದಿಂದ ಬಂದವು. ಆ ಅಕ್ಟೋಬರಿನಲ್ಲಿ ‘ಕಾಲಿಯರ್ಸ್’ನಲ್ಲಿ ಸ್ಯಾಮ್ಯುಯೆಲ್ ಹಾಪ್ಕಿನ್ಸ್ ಆಡಮ್ಸ್ ಲೇಖನಮಾಲೆ ಆರಂಭಿಸಿ, ಯಾವ ಔಷಧಿಯಲ್ಲಿ ಏನಿದೆ ಎಂದು ಹೆಸರು ಹಿಡಿದು ಬರೆದ. 1906ರ ಜೂನ್ 30ರಂದು ಆಹಾರ ಮತ್ತು ಔಷಧಿಗಳ ಶುದ್ಧತೆಯ ಕಾಯಿದೆ ಬಂತು. ಸೀಸೆಯೊಳಗೆ ಮದ್ಯಸಾರ, ಅಫೀಮು, ಕೊಕೇನ್ ಇದ್ದರೆ ಎಷ್ಟಿದೆಯೆಂದು ಚೀಟಿಯ ಮೇಲೆ ಬರೆಯಲೇಬೇಕಾಯಿತು.

ಹಾಗಾದರೆ ಗೆದ್ದವರು ಯಾರು? ಹಾಸ್ಯ ಮತ್ತು ಜಾಹೀರಾತಿನ ಕುಸ್ತಿಯಲ್ಲಿ ಜಾಹೀರಾತೇ ಗೆದ್ದಿತು ಎಂದು ಒಪ್ಪಬೇಕು. ‘ಪಕ್’ 1918ರಲ್ಲಿ ನಿಂತಿತು. ನ್ಯೂಯಾರ್ಕಿನಲ್ಲಿ ಅದರ ಕಟ್ಟಡ ಮಾತ್ರ ಉಳಿದಿದೆ. ಪಿಯರ್ಸ್, ಐವರಿ ಇನ್ನೂ ಅಂಗಡಿಯಲ್ಲಿವೆ. ಹಾಸ್ಯ ಜಾಹೀರಾತಿನ ಹುಸಿಯನ್ನು ಎಲ್ಲರಿಗಿಂತ ಮೊದಲು ಕಂಡಿತು, ಚೆನ್ನಾಗಿಯೇ ಹೇಳಿತು. ಆದರೆ ಜನ ನಕ್ಕು ಹಗುರಾಗಿ, ಅದೇ ಹೆಸರನ್ನು ಅಂಗಡಿಯಲ್ಲಿ ಕೇಳಿದರು. ಸುಳ್ಳನ್ನು ಹಿಡಿದು ನಿಲ್ಲಿಸಿದ್ದು ನಗೆಯಲ್ಲ, ಸಮಾಧಿಯ ಕಲ್ಲಿನ ತಾರೀಕು ಮತ್ತು ಸೀಸೆಯ ಚೀಟಿಯ ಲೆಕ್ಕ.

ಇಂದಿನ ಜಾಹೀರಾತುಗಳು ನಮ್ಮನ್ನು ನಗಿಸುವುದರಲ್ಲಿ ಇನ್ನೂ ನಿಪುಣವಾಗಿವೆ. ನಗಬಾರದೆಂದು ನಾನು ಹೇಳುವುದಿಲ್ಲ. ನಗೆ ಚೆನ್ನಾಗಿದ್ದರೆ ನಗೋಣ. ಆದರೆ ನಾವು ನಕ್ಕೆವು ಎಂದರೆ ಮೋಸಹೋಗಲಿಲ್ಲ ಎಂದು ಅರ್ಥವಲ್ಲ. ನಕ್ಕಾದ ಮೇಲೆ ಪೊಟ್ಟಣವನ್ನು ತಿರುಗಿಸಿ, ಹಿಂದಿರುವ ಸಣ್ಣ ಅಕ್ಷರಗಳನ್ನು ದಯವಿಟ್ಟು ಓದಿ.